ಅಂಟು ಒಣಗುವವರೆಗೆ

ಸಾಬೂನಿನ ನೊರೆ ಹಚ್ಚಿದ ಕಡೆ ಗಾಳಿ ಸೋರುತ್ತಿದ್ದರೆ ಗುಳ್ಳೆಗಳು ಏಳುತ್ತವೆ. ಮೊದಲು ಸಾಸಿವೆಯಷ್ಟು, ಆಮೇಲೆ ಕಡಲೆಯಷ್ಟು. ಒಂದರ ಬೆನ್ನಿಗೊಂದು ಉಬ್ಬಿ ಒಡೆಯುತ್ತವೆ. ಗಂಡ ತೀರಿಕೊಂಡ ಮೇಲೆ ಅವರ ಟ್ಯೂಬ್ ರಿಪೇರಿ ಅಂಗಡಿಯನ್ನು ಹನ್ನೊಂದು ವರ್ಷ ನಡೆಸಿದವಳು ನಾನು. ಆ ವರ್ಷಗಳಲ್ಲಿ ಮನುಷ್ಯರ ಮುಖಕ್ಕಿಂತ ಆ ಗುಳ್ಳೆಗಳನ್ನೇ ಹೆಚ್ಚು ನೋಡಿದ್ದೇನೆ.

ಆ ಬೆಳಿಗ್ಗೆ ಜವರಯ್ಯ ತಂದ ಗಾಳಿ ತುಂಬುವ ದೋಣಿಯಲ್ಲಿ ಗುಳ್ಳೆ ಹುಡುಕುವ ಅಗತ್ಯವೇ ಇರಲಿಲ್ಲ. ಬಲ ಮಗ್ಗುಲಲ್ಲಿ ಗೇಣುದ್ದದ ಸೀಳು ಬಾಯಿ ತೆರೆದುಕೊಂಡಿತ್ತು.

"ಬಂಡೆ ತಾಗ್ತು ಅಕ್ಕ," ಎಂದ ಅವನು.

ಊರಿನ ಕೆರೆಯಲ್ಲಿ ಮುಳುಗಿದವರನ್ನು ಮೇಲೆತ್ತುವುದು ಜವರಯ್ಯನ ಕೆಲಸ. ನನ್ನ ಗಂಡನನ್ನು ಎತ್ತಿ ತಂದವನೂ ಅವನೇ. ಈ ಸಲ ನೀರುಪಾಲಾಗಿದ್ದು ಅವನ ಅಣ್ಣ ನಿಂಗಯ್ಯನ ಮಗ ಚೆಲುವ. ಹತ್ತೊಂಬತ್ತರ ಹುಡುಗ. ಅವನಿಗೆ ಈಜು ಕಲಿಸಿದ್ದು ಜವರಯ್ಯನೇ. ಹಳೇ ತೂಬಿನ ಬಳಿ ಸುಳಿಗೆ ಸಿಕ್ಕಿ ಮೂರು ದಿನಗಳಾಗಿದ್ದವು. ಆ ಸುಳಿಯಲ್ಲಿ ಹರಿಗೋಲು ನಿಲ್ಲುತ್ತಿರಲಿಲ್ಲ. ಗಾಳಿ ತುಂಬುವ ಈ ದೋಣಿಯೊಂದೇ ದಾರಿ. ನಿಂಗಯ್ಯ ಮೂರು ದಿನದಿಂದ ದಡ ಬಿಟ್ಟು ಕದಲಿರಲಿಲ್ಲ.

ದೋಣಿಯ ಹಿಂದೆಯೇ ಠಾಣೆಯ ಸಾಹೇಬರೂ ಬಂದಿದ್ದರು. "ಟ್ಯೂಬಿಗೆ ಹಾಕೋ ಸಲ್ಯೂಷನ್ನೇ ಬಳಿದು ಸಾಯಂಕಾಲಕ್ಕೆ ಕೊಟ್ಬಿಡಮ್ಮ. ಮೇಲಿಂದ ಫೋನ್ ಮೇಲೆ ಫೋನು."

"ಜನ ಇದನ್ನ ರಬ್ಬರ್ ದೋಣಿ ಅಂತಾರೆ ಸಾರ್. ಇದರಲ್ಲಿ ರಬ್ಬರ್ ಇಲ್ಲ, ಪ್ಲಾಸ್ಟಿಕ್ ಬಳಿದ ಬಟ್ಟೆ. ಟ್ಯೂಬಿನ ಅಂಟು ಇಲ್ಲಿ ಹಿಡಿದಂಗೆ ಕಾಣುತ್ತೆ. ಬಿಸಿಲಿಗೆ ಗಾಳಿ ಹಿಗ್ಗಿದಾಗ ನಡುನೀರಲ್ಲಿ ಸಿಪ್ಪೆ ಥರ ಎದ್ದು ಬರುತ್ತೆ."

"ಕ್ಷಣದಲ್ಲಿ ಹಿಡಿಯೋ ಅಂಟು ಬರುತ್ತಲ್ಲ, ಪುಟಾಣಿ ಟ್ಯೂಬು?"

"ಅದು ಒಣಗಿದ್ಮೇಲೆ ಗಾಜು ಸಾರ್. ದೋಣಿ ಬಾಗಿದ್ರೆ ಅದು ಬಿರುಕು ಬಿಡುತ್ತೆ. ಎರಡು ಡಬ್ಬಿ ಕಲಸೋ ಅಂಟೇ ಆಗ್ಬೇಕು. ಒಳಗೊಂದು ತೇಪೆ, ಹೊರಗೊಂದು ತೇಪೆ. ನಾಳೆ ಬೆಳಿಗ್ಗೆವರೆಗೂ ಅದನ್ನ ಮುಟ್ಟೋ ಹಾಗಿಲ್ಲ."

"ಅಕ್ಕ ಹೇಳಿದಂಗೇ ಆಗ್ಲಿ ಸಾರ್," ಎಂದ ಜವರಯ್ಯ. "ಎರಡು ದಿನ ಆದ್ರೂ ಆಗ್ಲಿ."

ನಾನು ಹೇಳಿದ್ದು ಒಂದು ದಿನ. ಆದರೂ ಆ ಹೊತ್ತಿನಲ್ಲಿ ಅವನ ಬಗ್ಗೆ ನನಗೆ ಮೆಚ್ಚುಗೆಯೇ ಮೂಡಿತು. ಸ್ವಂತ ಅಣ್ಣನ ಮಗ ನೀರಿನಡಿ ಇರುವಾಗಲೂ ಕೆಲಸ ಕೆಡಬಾರದು ಎನ್ನುವ ಮನುಷ್ಯ ಎಂದುಕೊಂಡೆ.

ಸಾಹೇಬರು ಗೊಣಗುತ್ತ ಹೋದರು. ನಾನು ಸೀಳಿನ ಸುತ್ತ ಒರೆಸಿ, ಉಪ್ಪುಕಾಗದದಿಂದ ಹೊಳಪು ಹೋಗುವಂತೆ ಉಜ್ಜತೊಡಗಿದೆ. ಬಂಡೆ ತಾಗಿದ ಗಾಯ ನನಗೆ ಗೊತ್ತು. ಸುತ್ತ ಗೀರುಗಳಿರುತ್ತವೆ, ಅಂಚಿನಲ್ಲಿ ಬಟ್ಟೆಯ ಎಳೆಗಳು ನಾರುನಾರಾಗಿ ನಿಂತಿರುತ್ತವೆ. ಇಲ್ಲಿ ಒಂದು ಗೀರೂ ಇರಲಿಲ್ಲ. ಒಂದು ತುದಿಯಲ್ಲಿ ಚುಚ್ಚಿದ ಗುರುತು. ಅಲ್ಲಿಂದ ಬಾಳೆಲೆ ಸೀಳಿದಷ್ಟು ನೇರವಾದ ಗೆರೆ.

ಉಪ್ಪುಕಾಗದ ಕೆಳಗಿಟ್ಟೆ. "ಬಂಡೆ ಹೀಗೆ ಕೊಯ್ಯಲ್ಲ ಜವರಯ್ಯ."

ಅವನು ಸೀಳಿನ ಅಂಚನ್ನು ಬೆರಳಿನಿಂದ ಸವರಿದ. ಆಮೇಲೆ ನೆಲ ನೋಡುತ್ತಲೇ ಹೇಳಿದ: "ನಿನ್ನೆ ಸಂಜೆ ಒಬ್ಬನೇ ಹೋಗಿದ್ದೆ. ತೂಬಿನ ಕಲ್ಲಿನ ಸಂದೀಲಿ ಪಾತಾಳಗರಡಿ ಕೊಕ್ಕೆ ಸಿಕ್ಕಿಕೊಳ್ತು. ಎಳೆದೆ. ಹಳದಿ ಅಂಗಿ ಮೇಲೆ ಬಂತು. ನಾನೇ ಕೊಡಿಸಿದ್ದಕ್ಕ ಅದು. ನಲವತ್ತು ಜನಾನ ಎತ್ತಿದೀನಿ. ಒಂದಿನಾನೂ ಕೈ ನಡುಗಿಲ್ಲ. ನಿನ್ನೆ ಹಗ್ಗ ಸಡಿಲ ಬಿಟ್ಬಿಟ್ಟೆ, ಮತ್ತೆ ಅದೇ ಸಂದಿಗೆ ಇಳೀತು. ದಡಕ್ಕೆ ಬಂದ್ರೆ ಅಣ್ಣ ಎದ್ದು ನಿಂತ. ಸಿಕ್ಕಿಲ್ಲ ಅಂದೆ. ಇವತ್ತು ಮತ್ತೆ ಹೋಗ್ಬೇಕಲ್ಲ ಅಂತ... ಚಾಕು ಹಾಕ್ದೆ."

ನನಗೆ ಸಿಟ್ಟು ಬಂತು. ಬೇರೆಯವರಾಗಿದ್ದರೆ ಬರುತ್ತಿತ್ತೋ ಇಲ್ಲವೋ. ನನ್ನ ಗಂಡ ಸಿಕ್ಕದೆ ಹೋದ ಮೂರು ದಿನ ನೆನಪಾದವು. ಬಾಗಿಲು ಸದ್ದಾದರೆ ಅವರೇ ಎಂದು ಏಳುತ್ತಿದ್ದೆ. ತಟ್ಟೆಗೆ ಅನ್ನ ಹಾಕಿಕೊಂಡರೆ ಅವರು ಹಸಿದಿದ್ದಾರೆ ಅನ್ನಿಸುತ್ತಿತ್ತು. ಈಗ ಅದೇ ಸ್ಥಿತಿಯಲ್ಲಿ ನಿಂಗಯ್ಯನನ್ನು ಕೂರಿಸಿ ಬಂದಿದ್ದ ಇವನು.

"ನಾಲ್ಕನೇ ದಿನ ನೀನು ಅವರನ್ನ ತಂದು ಮಲಗಿಸಿದೆ," ಎಂದೆ. "ಅವತ್ತು ನನಗೆ ನಿದ್ದೆ ಬಂತು ಜವರಯ್ಯ. ಅತ್ತು ಅತ್ತು ನಿದ್ದೆ ಬಂತು. ಅದು ನೀನು ಕೊಟ್ಟಿದ್ದು."

ಅವನು ಮುಖ ಮುಚ್ಚಿಕೊಂಡ. ನಾನು ಅಂಟು ಕಲಸಿದೆ. ತೆಳ್ಳಗೆ ಒಮ್ಮೆ ಬಳಿದು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಇನ್ನೊಮ್ಮೆ ಬಳಿದೆ. ಮೂಲೆ ಏಳದಂತೆ ಎರಡೂ ತೇಪೆಗಳನ್ನು ದುಂಡಗೆ ಕತ್ತರಿಸಿದ್ದೆ; ಒಂದನ್ನು ಸೀಳಿನೊಳಗೆ ತೂರಿಸಿ ಅಂಟಿಸಿದೆ. ಕೊನೆಯಲ್ಲಿ ಹೊರಗಿನದನ್ನು ಒತ್ತಿ ಹಿಡಿಯಲು ಅವನನ್ನೇ ಕರೆದೆ. ಇಬ್ಬರೂ ಅಂಗೈ ಊರಿ, ಒಳಗಿನ ಗಾಳಿಯನ್ನೆಲ್ಲ ಅಂಚಿಗೆ ತಳ್ಳಿದೆವು. ಮೇಲೆ ರುಬ್ಬುಗಲ್ಲು ಹೇರಿದೆವು.

ಮರುದಿನ ದೋಣಿಗೆ ಗಾಳಿ ತುಂಬಿ ನೊರೆ ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಜವರಯ್ಯ ನೊರೆಯನ್ನೇ ದಿಟ್ಟಿಸುತ್ತಿದ್ದ. ಒಂದಾದರೂ ಏಳಲಿ ಎಂದು ಅವನು ಬೇಡಿಕೊಳ್ಳುತ್ತಿದ್ದಂತೆ ನನಗೆ ಕಂಡಿತು.

"ರಿಪೇರಿ ಮಾಡಿದವರು ಮೊದಲು ಕೂರಬೇಕು," ಎಂದು ನಾನೂ ದೋಣಿ ಹತ್ತಿದೆ. ಹಾಗೊಂದು ನಿಯಮವೇನೂ ಇರಲಿಲ್ಲ.

ತೂಬಿನ ಬಳಿ ಅವನು ಹುಡುಕಲಿಲ್ಲ. ನೇರವಾಗಿ ಆ ಕಲ್ಲಿನ ಸಂದಿಗೇ ಪಾತಾಳಗರಡಿ ಇಳಿಬಿಟ್ಟ. ಹಗ್ಗ ಬಿಗಿಯಾದಾಗ ಅವನ ತೋಳುಗಳು ನಿಂತುಬಿಟ್ಟವು. ನಾನು ಹಿಂದಿನಿಂದ ಹಗ್ಗಕ್ಕೆ ಕೈಕೊಟ್ಟೆ. ಇಬ್ಬರೂ ಸೇರಿ ಎಳೆದೆವು. ಮೇಲೆ ಬಂದದ್ದನ್ನು ನಾನಿಲ್ಲಿ ಬಣ್ಣಿಸಲಾರೆ. ಹಳದಿ ಅಂಗಿಯ ಮೇಲಿನೆರಡು ಗುಂಡಿಗಳನ್ನು ಜವರಯ್ಯ ಹಾಕಿದ. ಆಮೇಲೆ ತನ್ನ ಪಂಚೆ ಹೊದಿಸಿ, ದಡ ಸೇರುವವರೆಗೂ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹುಟ್ಟು ಹಾಕಿದವಳು ನಾನು.

ದಡದಲ್ಲಿ ನಿಂಗಯ್ಯ ಎದ್ದು ಬಂದ. ಜವರಯ್ಯ ಮೊಣಕಾಲುದ್ದ ನೀರಿನಲ್ಲೇ ನಿಂತು, "ಅಣ್ಣ, ಮೊನ್ನೇನೇ ನನಗೆ..." ಎಂದ.

"ಗೊತ್ತು ಕಣೋ," ಎಂದ ನಿಂಗಯ್ಯ. "ಮೊನ್ನೆ ನೀನು ಬರಿಗೈಲಿ ಬಂದಾಗ ನಿನ್ನ ಮುಖ ನೋಡಿದ್ನಲ್ಲ. ನಿನ್ನ ಕೈಲಿ ಆಗೋವರ್ಗೂ ಕಾಯಾಣ ಅಂತ ಕೂತಿದ್ದೆ."

ಮಗನ ಕಡೆ ಅವನು ಇನ್ನೂ ತಿರುಗಿರಲಿಲ್ಲ. ನೀರಿಗಿಳಿದು ತಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡ. ನೀರಿನಲ್ಲಿ ನೆನೆದು ಬಿಳಿಚಿ, ಸುಕ್ಕುಗಟ್ಟಿದ ಆ ಕೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು, ಚಳಿಯಲ್ಲಿ ನಡುಗುವ ಮಗುವಿಗೆ ಮಾಡುವಂತೆ, ಮೆಲ್ಲಗೆ ಉಜ್ಜತೊಡಗಿದ.