ಅಳತೆ ಬಟ್ಟೆ

ಮನುಷ್ಯನ ಮೈಗೆ ನಾನು ಕತ್ತರಿ ಹಾಕಿದ್ದು ಜೀವನದಲ್ಲಿ ಒಂದೇ ಸಲ. ಅದಕ್ಕೆ ನನಗೆ ಇಷ್ಟೂ ನಾಚಿಕೆಯಿಲ್ಲ. ಸ್ಟೇಷನ್ನಿನಲ್ಲೂ ಹಾಗೆಯೇ ಹೇಳಿದೆ, ಬರೆದುಕೊಳ್ಳಿ ಎಂದೆ.

ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಲೇಡೀಸ್ ಟೈಲರ್ ಅಂಗಡಿ. ಹುಲಿಯಮ್ಮನ ಬಾಯಿ ಜೋರು, ಹೊಲಿಗೆ ನಾಜೂಕು ಎಂದು ಊರು ಆಡಿಕೊಳ್ಳುತ್ತದೆ, ಎರಡೂ ನಿಜ. ನಮ್ಮಲ್ಲಿ ಹೆಂಗಸರು ಮೈಗೆ ಟೇಪು ಹಿಡಿಸಿಕೊಳ್ಳುವುದು ಕಡಿಮೆ. ಸರಿಯಾಗಿ ಕೂರುವ ಹಳೆಯದೊಂದನ್ನು ಕವರಿನಲ್ಲಿ ತಂದುಕೊಡುತ್ತಾರೆ, ಅದೇ ಅಳತೆ ಬಟ್ಟೆ. ಹೆಚ್ಚುಕಡಿಮೆ ಏನಾದರೂ ಬೇಕಿದ್ದರೆ ಒಂದು ಚೀಟಿ. ಅವರಿಗೂ ಸಂಕೋಚವಿಲ್ಲ, ನನಗೂ ಕೆಲಸ ಬೇಗ.

ಬುಕ್ಕಾಂಬುಧಿಯಿಂದ ಈ ಊರಿಗೆ ಮದುವೆಯಾಗಿ ಬಂದ ಸುಮನಾ ಎರಡು ವರ್ಷದಿಂದ ಹಾಗೆ ಬರುತ್ತಿದ್ದವಳು. ಇಲ್ಲಿ ಒಂದು ಕಚೇರಿಯಲ್ಲಿ ಟೆಂಪರರಿ ಕಂಪ್ಯೂಟರ್ ಆಪರೇಟರ್. ಅವಳ ಅಳತೆಯ ಕುರ್ತಾದ್ದು ಗಿಡ್ಡ ತೋಳು. ಚೀಟಿಯಲ್ಲಿ ಮಾತ್ರ ಒಂದು ಸಲ "ತೋಳು ಮೊಣಕೈವರೆಗೆ", ಎರಡು ತಿಂಗಳು ಬಿಟ್ಟು "ಮಣಿಕಟ್ಟಿನವರೆಗೆ", ಆಮೇಲೆ "ಕಾಲರ್ ಎತ್ತರಕ್ಕೆ ನಿಲ್ಲಬೇಕು". ಫ್ಯಾಷನ್ ಎಂದುಕೊಂಡೆ. ಎಂಥಾ ಚಂದ ಕಾಣುತ್ತಿದ್ದಳು ಅಂತೀರಿ! ಆಫೀಸಿಗೆ ಹೋಗುವ ಹುಡುಗಿಯರೆಲ್ಲ "ನಮಗೂ ಸುಮನಾ ಥರದ್ದೇ ಹೊಲೀರಿ" ಎಂದು ಬಂದರು. ನಾನು ಉಬ್ಬಿಹೋದೆ.

ಈ ಮೇ ತಿಂಗಳಲ್ಲಿ ತರೀಕೆರೆಯಿಂದ ಬಟ್ಟೆ ತಂದು ಮೇಜಿನ ಮೇಲೆ ಹರಡಿದಳು. ಕೆನೆ ಬಣ್ಣದ ಕಾಟನ್, ತಿಳಿನೀಲಿ, ಪ್ಯಾಂಟಿಗೆ ಬೂದು.

"ಅಕ್ಕಾ, ಸೋಮವಾರ ಹನ್ನೊಂದು ಗಂಟೆಗೆ ಕಡೂರಲ್ಲಿ ಇಂಟರ್‌ವ್ಯೂ. ಒಂದು ಕಾಲೇಜಿನ ಆಫೀಸಿಗೆ. ಪರ್ಮನೆಂಟು. ಹಾಸ್ಟೆಲಲ್ಲೇ ರೂಮು ಕೊಡ್ತಾರೆ. ಯಾವುದು ಹಾಕ್ಕೊಂಡ್ರೆ ಕೆಲಸ ಕೊಡೋ ಹಂಗೆ ಕಾಣ್ತೀನಿ?"

"ನೀಲಿ ಬೇಡ ಕಣೇ, ಸ್ಕೂಲ್ ಮಕ್ಳ ಯೂನಿಫಾರಂ ಆಗ್ಬಿಡ್ತದೆ. ಕೆನೆ ಶರ್ಟು, ಬೂದು ಪ್ಯಾಂಟು. ಪಟ್ಟಿ ಒಳಗೆ ಬಟನ್ ಮುಚ್ಚಿಹೋಗ್ಲಿ. ಆಫೀಸರಂಗೆ ಕಾಣ್ತೀಯ."

ಒಂದು ಗಂಟೆ ಇಬ್ಬರೂ ಅದನ್ನೇ ಮಾತಾಡಿದೆವು. ಬೂದು ಬಟ್ಟೆಯನ್ನು ಸೊಂಟಕ್ಕೆ ಹಿಡಿದುಕೊಂಡು ಕನ್ನಡಿಯ ಮುಂದೆ ತಿರುಗಿದಳು, ನಕ್ಕಳು. ಗಂಡನ ಮನೆ ಇಲ್ಲೇ ಇರುವವಳಿಗೆ ಹಾಸ್ಟೆಲಿನ ರೂಮು ಯಾಕೆ ಎಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಶನಿವಾರ ಅವಳ ಗಂಡ ಓಂಕಾರೇಶ್ ತನ್ನ ತಾಯಿಯ ರವಿಕೆ ಒಯ್ಯಲು ಬಂದ. ಗೊಬ್ಬರದಂಗಡಿಯವನು. ಹಣೆ ತುಂಬ ವಿಭೂತಿ, ಮಾತು ಬೆಣ್ಣೆ. ಹೆಂಡತಿಯನ್ನು ಗಂಡನೆದುರು ಹೊಗಳಿದರೆ ಅವಳಿಗೆ ಮನೆಯಲ್ಲಿ ಮರ್ಯಾದೆ ಹೆಚ್ಚುತ್ತದೆ ಅಂತ ನನ್ನ ನಂಬಿಕೆ. ಎಲ್ಲರಿಗೂ ಮಾಡುವಂತೆ ಅವನಿಗೂ ಮಾಡಿದೆ.

"ಪುಣ್ಯ ಮಾಡಿದ್ದೀಯ ಕಣಪ್ಪಾ ನೀನು. ಸೋಮವಾರ ಕಡೂರಿಗೆ ಹೋಗಿ ಕೆಲಸ ಗಿಟ್ಟಿಸ್ಕೊಂಡೇ ಬತ್ತಾಳೆ ನೋಡು. ರೂಮೂ ಕೊಡ್ತಾರಂತೆ!"

ಅವನು ನಕ್ಕ. "ಹೌದಾ ಅಕ್ಕಾ? ಒಳ್ಳೇದಾಯ್ತು ಬಿಡಿ" ಎಂದು ರವಿಕೆ ತೆಗೆದುಕೊಂಡು ಹೋದ.

ಸೋಮವಾರ ಎಂಟೂವರೆಗೆ ನಾನು ಆ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದೆ. ಸುಮನಾ ಓಡಿಬಂದು ಬಾಗಿಲ ಚಿಲಕ ಹಾಕಿದಳು. ತುಟಿ ಸೀಳಿತ್ತು. ಒಂದು ಕಿವಿಯ ಓಲೆ ಇರಲಿಲ್ಲ, ಇರಬೇಕಾದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಬಟ್ಟೆ ಕೊಡಿ ಅಕ್ಕಾ. ಒಂಬತ್ತರ ಬಸ್ಸು ಹಿಡೀಬೇಕು."

ಕುರ್ತಾ ತೆಗೆಯಲು ಅವಳ ಕೈ ಮೇಲಕ್ಕೇಳಲಿಲ್ಲ. ನಾನೇ ತೆಗೆದೆ. ಅಯ್ಯೋ ದೇವರೇ. ತೋಳಿನ ಮೇಲೆ ಬೆಲ್ಟಿನ ಬರೆಗಳು, ಹೊಸದರ ಕೆಳಗೆ ಹಳೆಯವು. ಮಣಿಕಟ್ಟಿನ ಮೇಲೆ ಸುಟ್ಟ ಗುರುತು. ಕತ್ತಿನಲ್ಲಿ ಐದೂ ಬೆರಳು. ಗಂಡ ಎಲ್ಲಿಯವರೆಗೆ ಹೊಡೆದಿದ್ದನೋ ಅಲ್ಲಿಯವರೆಗೆ ನಾನು ತೋಳು ಹೊಲಿದುಕೊಟ್ಟಿದ್ದೆ. ಎರಡು ವರ್ಷ ಒಂದೇ ಒಂದು ಸಲ ಟೇಪು ಹಿಡಿದಿದ್ದರೆ!

ಬಾಗಿಲಿಗೆ ಒದೆತ ಬಿತ್ತು. ಮೂರನೆಯ ಒದೆತಕ್ಕೆ ಚಿಲಕ ಕಿತ್ತುಬಂತು. ಓಂಕಾರೇಶ್ ಒಳನುಗ್ಗಿ, ಕುರ್ತಾ ಕಳಚಿ ನಿಂತಿದ್ದ ಅವಳ ಜಡೆ ಹಿಡಿದು ಎಳೆದು ಹಣೆಯನ್ನು ಹೊಲಿಗೆ ಮಿಷನ್ನಿಗೆ ಜಪ್ಪಿದ. ಮಿಷನ್ನೇ ಅಲುಗಾಡಿತು. "ಲೇ ಬಿಡೋ" ಎಂದು ನಾನು ಅವನ ಬೆನ್ನಿಗೆ ಬಿದ್ದರೆ ಮೊಣಕೈಯಲ್ಲಿ ನನ್ನ ಬಾಯಿಗೆ ಗುದ್ದಿದ. ಮುಂದಿನ ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು.

"ರೂಮು ಬೇಕೇನೇ ನಿಂಗೆ? ರೂಮು?" ಎನ್ನುತ್ತ ಇಸ್ತ್ರಿ ಪೆಟ್ಟಿಗೆಯನ್ನು ಶರ್ಟಿನ ತೋಳಿನ ಮೇಲೆ ಒತ್ತಿ ಹಿಡಿದ. ಬಟ್ಟೆ ಕಮಟು ನಾತ ಹೊಡೆದು ಕಪ್ಪಾಯಿತು. ಒಂದು ತೋಳು ಸುಟ್ಟು ಇನ್ನೊಂದನ್ನೂ ಸುಟ್ಟ. ಆಮೇಲೆ ಪೆಟ್ಟಿಗೆಯನ್ನು ಅವಳ ಮುಖದ ಕಡೆಗೆ ತಂದ.

ಮೇಜಿನ ಮೇಲಿದ್ದ ಬಟ್ಟೆ ಕತ್ತರಿಸುವ ಹತ್ತಿಂಚಿನ ಕತ್ತರಿ ಎತ್ತಿಕೊಂಡೆ. ಅವನ ಮುಂಗೈಗೆ ಇರಿದೆ. ಹಿಡಿಯವರೆಗೂ ಹೋಗಲೆಂದೇ ಇರಿದೆ, ಮೂಳೆಗೆ ತಾಗಿ ನಿಂತಿತು. ಪೆಟ್ಟಿಗೆ ಅವನ ಕಾಲ ಮೇಲೇ ಬಿತ್ತು. ಕೋಣ ಅರಚಿದ ಹಾಗೆ ಅರಚಿದ. ಕತ್ತರಿ ಕಿತ್ತು ಮತ್ತೆ ಎತ್ತಿದೆ. ಅಷ್ಟರಲ್ಲಿ ಎದುರಿನ ಟೀ ಅಂಗಡಿಯ ರಘು ನುಗ್ಗಿ ಅವನನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತ. ರಘು ಬರುವುದು ತಡವಾಗಿದ್ದರೆ ಎರಡನೆಯ ಇರಿತ ಕೈಗೆ ಬೀಳುತ್ತಿರಲಿಲ್ಲ, ಇದು ಸತ್ಯ.

ಸುಮನಾ ಎದ್ದು ಕೂತಳು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಗಂಡನ ಕಡೆ ತಿರುಗಿಯೂ ನೋಡದೆ ಸುಟ್ಟ ಶರ್ಟನ್ನು ಎತ್ತಿಕೊಂಡಳು.

"ತೋಳು ಕತ್ತರಿಸ್ಬಿಡಿ ಅಕ್ಕಾ."

"ಬರೆಯೆಲ್ಲಾ ಕಾಣ್ತವಲ್ಲೇ!"

"ಕಾಣ್ಲಿ. ಟೈಮಾಯ್ತು."

ಕತ್ತರಿಯನ್ನು ಸೆರಗಿಗೆ ಒರೆಸಿ ಎರಡೂ ತೋಳು ಭುಜದ ಹತ್ತಿರ ಕತ್ತರಿಸಿದೆ, ಅಂಚು ಮಡಚಿ ಹೊಲಿದೆ. ನನ್ನ ಬಾಯಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು, ಅವನು ನೆಲದಲ್ಲಿ ಬಿದ್ದು ಇಬ್ಬರಿಗೂ ಬೈಯುತ್ತಿದ್ದ, ಮಿಷನ್ನು ಓಡುತ್ತಿತ್ತು. ಅವಳು ಮುಖ ತೊಳೆದು, ಹಣೆಗೆ ಬಿಳಿ ಲೈನಿಂಗ್ ಬಟ್ಟೆಯ ತುಂಡು ಕಟ್ಟಿಕೊಂಡು ಒಬ್ಬಳೇ ಬಸ್ಸು ಹತ್ತಿದಳು. ನಾನೂ ರಘುವೂ ಓಂಕಾರೇಶನನ್ನು ಎಳೆದುಕೊಂಡು ಸ್ಟೇಷನ್ನಿಗೆ ಹೋದೆವು.

ನಾಲ್ಕು ಗಂಟೆಗೆ ಫೋನು ಬಂತು. ನಾನಿನ್ನೂ ಸ್ಟೇಷನ್ನಿನ ಬೆಂಚಿನ ಮೇಲೇ ಕೂತಿದ್ದೆ.

"ಅಕ್ಕಾ, ತೋಳು ನೋಡಿ ಏನಾಯ್ತು ಅಂತ ಕೇಳಿದ್ರು. ಗಂಡ ಹೊಡೆದದ್ದು ಅಂದೆ. ಯಾವಾಗಿಂದ ಸೇರ್ತೀಯ ಅಂದ್ರು. ಈಗ್ಲೇ ಅಂದೆ. ರೂಮಿನ ಬೀಗದ ಕೈ ಕೊಟ್ಟಿದ್ದಾರೆ."

ನನ್ನ ತಪ್ಪು ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ.

"ಸುಮನಾ, ಇಂಟರ್‌ವ್ಯೂ ವಿಷ್ಯ ಅವ್ನಿಗೆ ಬಾಯಿ ಬಿಟ್ಟೋಳು ನಾನೇ ಕಣೇ."

"ಗೊತ್ತು. ಹೊಡೀವಾಗ ಹೇಳ್ದ."

"ಮತ್ತೆ ನನ್ನ ಅಂಗಡಿಗೇ ಯಾಕೆ ಓಡಿಬಂದೆ?"

"ಬಟ್ಟೆ ನಿಮ್ಮತ್ರ ಇತ್ತಲ್ಲಾ" ಎಂದಳು. ಫೋನ್ ಇಟ್ಟಳು.