ಸ್ಲ್ಯಾಬಿನ ತೂತು

ಉಪ್ಪಲ್‌ದಾಗ ನಮ್ಮ ಮನಿ ಕಟ್ಟುವಾಗ ಜಾಗಾದ ನಟ್ಟನಡುವ ಒಂದು ಬೇವಿನ ಗಿಡ ಇತ್ತು. ನಾ ಕಡಿಸೂಣಂದೆ. ಆರ್ಕಿಟೆಕ್ಟ್ ಆಗಿರೋ ಮಗಳು ಕಾವ್ಯಾ ಕೇಳಲಿಲ್ಲ. ಗಿಡ ಹಾದುಹೋಗಾಕ ಸ್ಲ್ಯಾಬಿಗೆ ದೊಡ್ಡ ತೂತು ಬಿಟ್ಟು, ಸುತ್ತಲೂ ಖೋಲಿ ಕಟ್ಟಿಸಿದಳು.

"ಬಿಸಿ ಗಾಳಿ ಮ್ಯಾಲೆ ಹೋಗತೈತಿ ಅಪ್ಪಾ, ಮನಿ ತಂಪಿರತೈತಿ" ಅಂದಳು.

"ಮಳಿ ಬಂದ್ರ ಕೊಡಿ ಹಿಡ್ಕೊಂಡು ಉಣಬೇಕೇನು?" ಅಂತ ಒದರಿದೆ.

ಬಾಜೂ ಮನಿ ತೆಲುಗಿನವರು, ಯಾದಗಿರಿ ಅಂತ ಹೆಸರು, ಅವರೂ ನಕ್ಕರು. ಅವರು ತಮ್ಮ ಬೇವು ಕಡಿಸಿ, ಕಾರ್ ನಿಲ್ಲಿಸಾಕ ಕಾಂಕ್ರೀಟ್ ಹಾಕಿಸಿದ್ರು.

ಈ ಸಲ ಯುಗಾದಿ ಮುಂಜಾನೆ ಅವರೇ ಬಟ್ಟಲು ಹಿಡ್ಕೊಂಡು ಬೇವಿನ ಹೂವು ಕೇಳಾಕ ಬಂದ್ರು. ನಮಗ ಬೇವು-ಬೆಲ್ಲ ಹೆಂಗೋ, ಅವರಿಗೆ ಬೇವಿನ ಹೂವಿನ ಪಚ್ಚಡಿ ಹಂಗ. ಓಣ್ಯಾಗ ಉಳಿದದ್ದು ಇದೊಂದ ಗಿಡ.

"ಕಡೀಕ ತೂತಿನ ಮನಿಗೇ ಬರಬೇಕಾತಲ್ರೀ" ಅಂತ ಚುಚ್ಚಿದೆ. ಕಡಿಸೂಣಂದಾವ ನಾನ ಅನ್ನೂದು ಮರತೇಬಿಟ್ಟಿದ್ದೆ. ಕಾವ್ಯಾ ನನ್ನ ಮಾರಿ ನೋಡಿ, ಚಹಾ ಇಡಾಕ ಒಳಗ ಹೋದಳು.

ಯಾದಗಿರಿಯವರು ಗಿಡದ ಕಟ್ಟಿ ಮ್ಯಾಲೆ ಕೂತು ಹೂವು ಆರಿಸಿದ್ರು, ಚಹಾ ಕುಡಿದ್ರು. ಪಚ್ಚಡಿಗೆ ತಡ ಆತಂತ ಅವರ ಹೆಂಡತಿ ಗ್ವಾಡಿ ಆಚೆಯಿಂದ ಕರೆಯಾಕತ್ತಿದ್ರು. ಬಟ್ಟಲು ತುಂಬಿ ತಾಸಾಗಿತ್ತು. ಅವರು ಮಾತ್ರ ಆ ನೆರಳು ಬಿಟ್ಟು ಏಳವಲ್ರು.