ನಾಲ್ಕು ದಿನದ ತತ್ತಿ

ಹೊಳಬಸಪ್ಪನವರು ಕರಿ ಹೇಂಟೆಯನ್ನು ಕಂಕುಳಲ್ಲಿ ಅವುಚಿ ಹಿಡಿದು ಹೆಬ್ಬೆರಳಿನಿಂದ ಅದರ ರೆಪ್ಪೆಯನ್ನು ಮೆಲ್ಲಗೆ ಸರಿಸಿದರು. ಬಾತುಕೊಂಡ ರೆಪ್ಪೆಯ ಅಡಿಯಿಂದ ನೊರೆಯಂಥ ನೀರು ಒಸರಿತು. ಕೋಳಿ ಬಾಯಿ ತೆರೆದು ಉಸಿರೆಳೆದಾಗ ಗಂಟಲೊಳಗೆ ಗೊರಗೊರ ಸದ್ದಾಯಿತು.

“ಎಷ್ಟ ದಿನಾ ಆತವಾ ಹಿಂಗಾಗಿ?”

“ಮೊನ್ನಿಂದರಿ,” ಎಂದಳು ಮರಿಯಮಬಿ. ಆಗಿದ್ದು ಐದು ದಿನ.

“ಏನರ ಔಷಧ ಹಾಕಿದ್ರೇನು?”

“ಅರಿಷಿಣ, ಬಳ್ಳೊಳ್ಳಿ ಅರದ ಕುಡಿಸೀನ್ರಿ. ಮತ್ತೇನಿಲ್ಲ.”

ಹೊಳಬಸಪ್ಪನವರು ಗುಡಗೇರಿಯ ದನದ ದವಾಖಾನೆಯಲ್ಲಿ ಇನ್ಸ್‌ಪೆಕ್ಟರ್. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಊರವರ ಬಾಯಲ್ಲಿ ಮಾತ್ರ ಮೊದಲಿನಿಂದಲೂ ದನದ ಡಾಕ್ಟ್ರು. ಅವರು ಕೋಳಿಯನ್ನು ಬುಟ್ಟಿಯ ಕೆಳಗೆ ಬಿಟ್ಟು, ಗೂಡಿನ ಬಾಯಿಗೆ ಮುಖ ಹಿಡಿದು ಮೂಸಿ ನೋಡಿದರು. ಹದಿನೈದು ದಿನದಿಂದ ಹಿಡಿದಿದ್ದ ಜಿಟಿಜಿಟಿ ಮಳೆಗೆ ಒಳಗಿನ ಹೊಟ್ಟು ನೆಂದು ಕಣ್ಣು ಉರಿಯುವಂಥ ವಾಸನೆ ಬರುತ್ತಿತ್ತು. ಆಮೇಲೆ ಕೋಳಿಗಳು ನೀರು ಕುಡಿಯುವ ಪರಿಯಾಣದ ಬಳಿ ಬಗ್ಗಿದರು. ಅದರ ಅಂಚಿಗೆ ಕೆಂಪು ಗುಳಿಗೆಯ ಅರ್ಧ ಸಿಪ್ಪೆಯೊಂದು ಮೆತ್ತಿಕೊಂಡಿತ್ತು. ಅದನ್ನು ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿಟ್ಟು ತೋರಿಸಿದರು.

“ಇದು ಅರಿಷಿಣ ಅಲ್ಲಲ್ಲವಾ.”

ಮರಿಯಮಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಇನ್ನು ಮುಚ್ಚಿಡುವಂತಿರಲಿಲ್ಲ. ಹೋದ ತಿಂಗಳು ಗಂಡ ಕಾಸೀಮಸಾಬನ ಕಾಲಿಗೆ ಜಾಲಿಮುಳ್ಳು ನೆಟ್ಟು ಕೀವಾಗಿತ್ತು. ಡಾಕ್ಟರು ಏಳು ದಿನಕ್ಕೆಂದು ಗುಳಿಗೆ ಬರೆದಿದ್ದರು. ಮೂರನೇ ದಿನಕ್ಕೆ ನೋವು ಇಳಿದಿದ್ದೇ ತಡ, ಅವನು ನುಂಗುವುದನ್ನು ಬಿಟ್ಟ. ರೊಕ್ಕ ಕೊಟ್ಟು ತಂದದ್ದನ್ನು ಚೆಲ್ಲಲು ಮನಸ್ಸಾಗದೆ ಉಳಿದವನ್ನು ಇವಳು ಡಾಕ್ಟರ ಚೀಟಿಯ ಸಮೇತ ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ಕರಿ ಹೇಂಟೆ ಮಂಕಾದಾಗ ನೆನಪಾಗಿ, ದಿನಕ್ಕೊಂದರಂತೆ ಒಡೆದು ನೀರಿಗೆ ಹಾಕಿದಳು. ಉಳಿದ ಮೂರಕ್ಕೂ ರೋಗ ಹತ್ತದಿರಲೆಂದು ನಾಲ್ಕಕ್ಕೂ ಅದೇ ನೀರು. ನಾಲ್ಕು ದಿನ ಹೀಗೇ ನಡೆದಿತ್ತು.

ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಳು. ಹೊಳಬಸಪ್ಪನವರು ಬೈಯಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕುಳಿತು ಕೈ ಒರೆಸಿಕೊಂಡರು.

“ಬೈಯಾಕ ನನಗ ಬಾಯಿಲ್ಲವಾ. ಇಪ್ಪತ್ತ ವರ್ಷದ ಹಿಂದ ನಾನೂ ಇದನ್ನ ಮಾಡಾಂವ. ಆಕಳಾ ಕೆಮ್ಮಿದ್ರ ಒಂದ ಸೂಜಿ, ಕುಂಟಿದ್ರ ಒಂದ ಸೂಜಿ. ಮಂದಿಗೂ ಸೂಜಿ ಚುಚ್ಚಿದ್ರನ ಸಮಾಧಾನ. ಈಗ ಅದ ಸೂಜಿ ಹಾಕಿದ್ರ ಕೆಲವು ದನಕ್ಕ ನೀರ ಹಾಕಿದಂಗ, ಏನೂ ನಾಟೂದಿಲ್ಲ. ರೋಗದ ಹುಳಕ್ಕ ಔಷಧದ ಗುರ್ತ ಸಿಕ್ಕೈತಿ. ಅರ್ಧಮರ್ಧಾ ಕೊಟ್ರಂತೂ ನಾವ ಕುಂತ ಕಲಿಸಿಕೊಟ್ಟಂಗ.”

ಅಲ್ಲಿಂದಲೇ ಕುಂದಗೋಳದ ಪಶುವೈದ್ಯರಿಗೆ ಫೋನು ಹಚ್ಚಿ, ಕೋಳಿಯ ಸ್ಥಿತಿಯನ್ನೂ ಗುಳಿಗೆಯ ಸಂಗತಿಯನ್ನೂ ಹೇಳಿದರು. ಅವರು ಕೊಟ್ಟ ಸಲಹೆಯನ್ನು ಮರಿಯಮಬಿಗೆ ತಿಳಿಸಿದರು: ಕರಿ ಹೇಂಟೆಯೊಂದಕ್ಕೇ ಬೇರೆ ಔಷಧ, ಐದು ದಿನ, ಎರಡನೇ ದಿನಕ್ಕೆ ಚುರುಕಾದರೂ ಬಿಡುವಂತಿಲ್ಲ. ಗೂಡಿನ ಹೊಟ್ಟು ತೆಗೆದು ಒಣ ಉಸುಕು ಹಾಕಬೇಕು. ಚೆನ್ನಾಗಿರುವ ಮೂರಕ್ಕೆ ಬರೀ ಶುದ್ಧ ನೀರು.

“ಇನ್ನೊಂದು. ಔಷಧ ತತ್ತ್ಯಾಗ ಇಳೀತೈತಿ. ಈ ಮೂರರ ತತ್ತಿ ಇನ್ನ ಹನ್ನೆರಡ ದಿನಾ ತಿನಬ್ಯಾಡ್ರಿ, ತಗ್ಗ ತೋಡಿ ಮುಚ್ಚರಿ. ಕರೀದರ ತತ್ತಿದ್ದು ಆಮ್ಯಾಲ ಹೇಳ್ತೀನಿ. ಈ ನಾಕ ದಿನದ್ದ ಯಾರ ತಿಂದ್ರಿ?”

“ನಾವ ತಿಂದ್ವಿರಿ.”

“ನಿಮಗೇನೂ ಆಗಿಲ್ಲಂದ್ರ ಆತು. ಕೆಲವರ ಮೈಗೆ ಆ ಗುಳಿಗಿ ಆಗಿಬರೂದಿಲ್ಲ, ಅದಕ್ಕ ಕೇಳಿದೆ.”

ಅವರ ಮೋಟಾರ್‌ಸೈಕಲ್ಲಿನ ಸದ್ದು ಸ್ಟೇಷನ್ ರಸ್ತೆಯ ಕಡೆ ಹೋಯಿತು. ಮರಿಯಮಬಿ ಹೇಳಿದ್ದು ಸುಳ್ಳು. ತತ್ತಿ ತಿಂದವರು ಅವಳೂ ಗಂಡನೂ ಅಲ್ಲ. ಹಿತ್ತಲ ಗೋಡೆಯ ಆಚೆಯ ಲಕ್ಷ್ಮವ್ವನ ಮಗಳು ನೀಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಏಳು ತಿಂಗಳು. ಮೈಯಲ್ಲಿ ರಕ್ತ ಕಡಿಮೆ, ದಿನಾ ಒಂದು ತತ್ತಿ ತಿನ್ನು ಎಂದು ನರ್ಸ್ ಹೇಳಿದ್ದಳು. ಅಂದಿನಿಂದ ಬೆಳಿಗ್ಗೆ ಗೋಡೆಯ ಮೇಲಿಂದ ತತ್ತಿ ಆಚೆ ಹೋಗುತ್ತಿತ್ತು, ಎಮ್ಮೆಯ ಮಜ್ಜಿಗೆಯ ತಂಬಿಗೆ ಈಚೆ ಬರುತ್ತಿತ್ತು. ಮಿಕ್ಕ ತತ್ತಿ ವಾರದ ಸಂತೆಗೆಂದು ಮಡಕೆಯಲ್ಲಿ ಕೂಡುತ್ತಿತ್ತು.

ಮಧ್ಯಾಹ್ನ ಹೊಲದಿಂದ ಬಂದ ಕಾಸೀಮಸಾಬ ರೊಟ್ಟಿ ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡ.

“ಮುಚ್ಚೂದ್ಯಾಕ? ನಾಳಿ ಸಂತಿ ಐತಿ. ಅಲ್ಲಿ ಒಯ್ದ ಇಟ್ರ ಯಾರ ತಿಂದ್ರೋ ಏನೋ, ನಮಗೇನ ಗೊತ್ತಾಗ್ತೈತಿ?”

“ಗೊತ್ತಾಗೂದಿಲ್ಲ, ಅದಕ್ಕ ಬ್ಯಾಡ,” ಎಂದಳು ಮರಿಯಮಬಿ.

ಅವನು ರೊಟ್ಟಿಗೆ ಪಲ್ಯ ಹಚ್ಚಿಕೊಂಡ. “ನೀಲಾನ ಮುಂದ ಏನೂ ಹೇಳಾಕ ಹೋಗಬ್ಯಾಡ. ನಾಕ ತತ್ತಿಗೆ ಏನಾಗ್ತೈತಿ? ಹೇಳಿದ್ರ ಇಪ್ಪತ್ತೈದ ವರ್ಷದ ಕೊಡುಕೊಳ್ಳೂದು ಇವತ್ತಿಗೆ ಬಂದಾಗ್ತೈತಿ.”

ಅವನು ಹೇಳಿದ್ದು ಸುಳ್ಳಲ್ಲ. ಮರಿಯಮಬಿಗೂ ಅದೇ ಭಯ. ಆದರೆ ಎರಡು ತಿಂಗಳ ಹಿಂದೆ ಕುಂದಗೋಳದ ಆಸ್ಪತ್ರೆಯಲ್ಲಿ ಯಾವುದೋ ಔಷಧ ಕೊಟ್ಟ ತಾಸಿನಲ್ಲಿ ನೀಲಾಳ ಮುಖ, ತುಟಿ ಬಾತುಕೊಂಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ದಿನ ನೀಲಾಳ ಕೈ ಹಿಡಿದು ಕುಳಿತವಳೇ ಅವಳು. ಮುಂದೆ ಎಂದೂ ಇದನ್ನು ಕೊಡಬಾರದೆಂದು ಡಾಕ್ಟರು ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು. ಬರೆದ ಹೆಸರು ಯಾವುದು? ಮಾಡದಲ್ಲಿರುವ ಚೀಟಿಯ ಮೇಲಿನ ಹೆಸರು ಯಾವುದು? ಮರಿಯಮಬಿಗೆ ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಗಂಡ ಕೈ ತೊಳೆಯುವುದರೊಳಗೆ ಗುಳಿಗೆಯ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟಳು.

ಲಕ್ಷ್ಮವ್ವ ಪಡಸಾಲೆಯಲ್ಲಿ ಮೊರದ ತುಂಬ ಹೆಸರುಕಾಳು ಹಾಕಿಕೊಂಡು ಹಳ್ಳು ಆರಿಸುತ್ತಿದ್ದಳು. ನೀಲಾ ಮಂಚದ ಮೇಲೆ ಗೋಡೆಗೆ ಒರಗಿ ಮೊಣಕೈ ಕೆರೆದುಕೊಳ್ಳುತ್ತಿದ್ದಳು. ಅದು ಕಣ್ಣಿಗೆ ಬಿದ್ದದ್ದೇ ಮರಿಯಮಬಿ ಸೆರಗಿನ ಗಂಟು ಬಿಚ್ಚಿ ಚೀಟಿಯನ್ನು ಮುಂದೆ ಹಿಡಿದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟಳು. ಹೊಳಬಸಪ್ಪನವರಿಗೆ ಹೇಳಿದ ಸುಳ್ಳನ್ನೂ ಬಿಡಲಿಲ್ಲ.

ನೀಲಾ ಪಿಯುಸಿ ಓದಿದವಳು. ಚೀಟಿ ಇಸಿದುಕೊಂಡು, ದಿಂಬಿನ ಕೆಳಗಿನ ಕಾರ್ಡು ತೆಗೆದು, ಎರಡನ್ನೂ ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿದಳು.

“ಎರಡೂ ಒಂದ ಐತಿ, ಚಿಗವ್ವಾ.”

ಲಕ್ಷ್ಮವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು. “ಮೊನ್ನಿಂದ ಮೈ ಕೆರಿಯಾಕತ್ತೈತಿ ಇಕಿಗೆ. ಬಸುರಾಗ ಚರ್ಮಾ ಹಿಗ್ಗತೈತಿ ಅಂತ ಸುಮ್ನಿದ್ದೆ ನಾನು.” ಧ್ವನಿ ಏರಲಿಲ್ಲ. “ಇವತ್ತ ಮುಂಜಾನಿನೂ ನನ್ನ ಕೈಯಾರ ಸುಲದು ತಿನ್ನಿಸೀನಲ್ಲಬೇ.”

ಆಸ್ಪತ್ರೆಗೆ ಹೋಗಲು ಟಂಟಂ ಗಾಡಿ ಕರೆಸಿದರು. ತಾಯಿ ಮಗಳು ಹತ್ತಿ ಕುಳಿತರು. ಮರಿಯಮಬಿಯೂ ಕಾಲಿಡಲು ಹೋದಾಗ ಲಕ್ಷ್ಮವ್ವ ಸೀಟಿನ ಖಾಲಿ ಜಾಗದ ಮೇಲೆ ಕೈ ಊರಿದಳು.

“ನೀ ಬ್ಯಾಡ.”

ಗಾಡಿ ಎರೆ ಕೆಸರು ಸಿಡಿಸುತ್ತ ಹೋಯಿತು. ಮರಿಯಮಬಿ ಮನೆಗೆ ಬಂದು, ಒಲೆಯ ಮುಂದೆ ಕುಳಿತು, ಏನು ಮಾಡಲೆಂದು ಕುಳಿತೆನೋ ಮರೆತು ಹಾಗೇ ಇದ್ದುಬಿಟ್ಟಳು. ಹೊತ್ತು ಇಳಿಯುವಾಗ ಗೋಡೆಯಾಚೆಯಿಂದ ನೀಲಾಳ ದನಿ ಕೇಳಿತು.

“ಚಿಗವ್ವಾ, ಕೂಸ ಆರಾಮೈತಂತ. ತುರಿಕಿಗೆ ಗುಳಿಗಿ ಕೊಟ್ಟಾರ. ತತ್ತಿಯಿಂದನ ಆತು ಅಂತ ಹೇಳಾಕ ಬರೂದಿಲ್ಲಂದ್ರು. ಆದ್ರ ಲಗೂನ ಬಂದು ಹೇಳಿದ್ದು ಛಲೋ ಆತಂತ…”

“ಒಳಗ ಬಾ ನೀಲಾ,” ಎಂದು ಲಕ್ಷ್ಮವ್ವ ಕರೆದಳು. ಮಾತು ಅಲ್ಲಿಗೇ ನಿಂತಿತು.

ಮರುದಿನದಿಂದ ಗೋಡೆಯ ಮೇಲೆ ತಂಬಿಗೆ ಕಾಣಲಿಲ್ಲ. ಕಾಸೀಮಸಾಬ ಗೊಣಗುತ್ತಲೇ ಗೂಡಿನ ಹೊಟ್ಟು ಕೆರೆದು, ಬಿಸಿಲು ಬಿದ್ದ ದಿನ ಉಸುಕು ಒಣಗಿಸಿ ಹಾಸಿದ. ಮರಿಯಮಬಿ ಬೇವಿನ ಗಿಡದ ಬುಡದಲ್ಲಿ ಮೊಳ ಆಳದ ತಗ್ಗು ತೋಡಿದಳು. ಮೊದಲು ಸಂತೆಗೆಂದು ಕೂಡಿಟ್ಟವು, ಆಮೇಲೆ ದಿನಾ ಎರಡು, ಒಮ್ಮೊಮ್ಮೆ ಮೂರು. ಆಗಷ್ಟೇ ಇಟ್ಟ ಬೆಚ್ಚಗಿನ ತತ್ತಿಯನ್ನು ಮಣ್ಣಿಗೆ ಹಾಕುವಾಗ ಕೈ ತಾನಾಗಿಯೇ ಹಿಂದೆ ಸರಿಯುತ್ತಿತ್ತು. ಒಡೆದು, ಮಣ್ಣೆಳೆದು, ನಾಯಿ ಕೆದರದಂತೆ ಮೇಲೆ ಕಲ್ಲಿಡುತ್ತಿದ್ದಳು.

ಕರಿ ಹೇಂಟೆ ಎರಡನೇ ದಿನ ಕಾಳು ಮುಟ್ಟಿತು. ಮೂರನೇ ದಿನ ಬುಟ್ಟಿಯಡಿಯಿಂದ ಹೊರಬರಲು ರೆಕ್ಕೆ ಬಡಿಯಿತು.

“ಇನ್ನ ಸಾಕಲ್ಲ ಔಷಧ. ಹೆಂಗ ಕುಣ್ಯಾಕತ್ತೈತಿ ನೋಡು,” ಎಂದ ಕಾಸೀಮಸಾಬ.

ಮರಿಯಮಬಿ ಅವನ ಪಾದದ ಕಡೆ ನೋಡಿದಳು. ಮುಳ್ಳಿನ ಗಾಯ ಹೋದ ವಾರ ಮತ್ತೆ ಬಾತು, ಈ ಸಲ ಹುಬ್ಬಳ್ಳಿಯ ತನಕ ಹೋಗಿಬರಬೇಕಾಗಿತ್ತು. ಅವನು ಕಾಲನ್ನು ಲುಂಗಿಯೊಳಗೆ ಎಳೆದುಕೊಂಡ. ಐದನೇ ದಿನದ ಔಷಧವನ್ನು ಅವನೇ ಕೋಳಿಯ ಕೊಕ್ಕು ಬಿಡಿಸಿ ಹಾಕಿದ. ಕೋಳಿ ಉಳಿಯಿತು, ದನಿ ಮಾತ್ರ ಒಡಕಾಯಿತು.

ಹದಿಮೂರನೇ ದಿನ ಬೆಳಿಗ್ಗೆ ಹೊಳಬಸಪ್ಪನವರಿಗೆ ಫೋನು ಮಾಡಿ, ದಿನವನ್ನು ಇನ್ನೊಮ್ಮೆ ಎಣಿಸಿ, ಆ ಮೂರು ಕೋಳಿಗಳ ತತ್ತಿ ಇನ್ನು ತಿನ್ನಬಹುದೆಂದು ಅವರ ಬಾಯಿಂದಲೇ ಕೇಳಿಸಿಕೊಂಡಳು. ನಾಲ್ಕು ದಿನದ ತತ್ತಿಯನ್ನು ಯಾರು ತಿಂದದ್ದೆಂದೂ ಹೇಳಿದಳು. “ಈಗ ಹೆಂಗದಾಳವಾ ಹುಡುಗಿ?” ಎಂದು ಅವರು ಕೇಳಿದರು.

ಒಂದು ತತ್ತಿ ಕುದಿಸಿ ಹಿತ್ತಲ ಕಟ್ಟೆಯ ಮೇಲೆ ಸುಲಿಯುತ್ತ ಕುಳಿತಿದ್ದಾಗ ಬೇಲಿಯ ಬಾಗಿಲು ಕಿರುಗುಟ್ಟಿತು. ಲಕ್ಷ್ಮವ್ವ ಬಂದು, ಬಾ ಎನ್ನುವ ಮೊದಲೇ, ಕಟ್ಟೆಯ ಆ ತುದಿಗೆ ಕುಳಿತಳು. ಮಳೆ ಬಿಟ್ಟಿತೆಂದಳು. ಹೆಸರಿಗೆ ಹುಳು ಬಿದ್ದಿದೆ ಎಂದಳು. ಆಮೇಲೆ ಬೇವಿನ ಗಿಡದ ಕಡೆ ನೋಡುತ್ತ ಹೇಳಿದಳು:

“ನೀಲಾಗ ತತ್ತಿ ಬಿಡಬ್ಯಾಡಂದಾರ. ಅಂಗಡಿದು ಅಕಿಗೆ ಸೇರವಲ್ದು.”

“ಇವತ್ತಿಗೆ ದಿನಾ ಮುಗದಾವ, ಲಕ್ಷ್ಮಕ್ಕಾ. ಕೇಳೀನಿ.”

ಮರಿಯಮಬಿ ತತ್ತಿಯನ್ನು ತಾಟಿನಲ್ಲಿಟ್ಟು ಎರಡು ಹೋಳು ಮಾಡಿದಳು. ಒಂದನ್ನು ಬಾಯಿಗೆ ಹಾಕಿಕೊಂಡಳು. ಅವಳು ಅಗಿದು ನುಂಗುವ ತನಕ ಲಕ್ಷ್ಮವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೈ ಚಾಚಿ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು. ಉಳಿದ ಹೋಳಿನ ಕೇಸರಿಯಂಥ ಹಳದಿಯಿಂದ ಇನ್ನೂ ಸಣ್ಣಗೆ ಉಗಿ ಏಳುತ್ತಿತ್ತು.

“ಉಪ್ಪಿಲ್ಲೇನ ನಿಮ್ಮನ್ಯಾಗ?” ಎಂದಳು.

ಮರಿಯಮಬಿ ದಡಬಡಿಸಿ ಒಳಗೆ ಹೋದವಳು ಉಪ್ಪಿನ ಗಡಿಗೆಯನ್ನೇ ಎತ್ತಿಕೊಂಡು ಬಂದಳು.